ತಾಯಿಗಿಡ ಕೊಡದ ಮರಿಸ್ವಾಮಿ

ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ರಸ್ತೆ ಪಕ್ಕದಲ್ಲೊಂದು ನರ್ಸರಿ. ನರ್ಸರಿಗೊಬ್ಬಳು ಅವ್ವ, ಅವ್ವನಿಗೊಬ್ಬ ಮಗ, ಮಗನಿಗೊಂದು ತಲೆ, ಆ ತಲೆಯೊಳಗೆ ಅವ್ವ ಹೇಳಿದ ಮಾತು ಬಿಟ್ಟರೆ ಬೇರೇನೂ ಇಲ್ಲ. ಅವ್ವನ ಹೆಸರು ಜವರಮ್ಮ, ಮಗನ ಹೆಸರು ಮರಿಸ್ವಾಮಿ. ಕೇಳುವವರು ಕೂತು ಕೇಳಿ, ನಗು ಬಂದರೆ ನಗಿ. ಜವರಮ್ಮನ ಎದುರಿಗೆ ಮಾತ್ರ ನಗಬೇಡಿ. ಅವಳ ಮಗನನ್ನು ಪೆದ್ದ ಅನ್ನುವ ಹಕ್ಕು ಅವಳೊಬ್ಬಳದೇ.

ಆ ನರ್ಸರಿಯಲ್ಲಿ ಹೂವಿನ ಗಿಡ ಕಡಿಮೆ, ಎಲೆಯ ಚಂದಕ್ಕೆ ಬೆಳೆಸುವ ಗಿಡಗಳೇ ಹೆಚ್ಚು. ಕ್ರೋಟನ್, ಕೋಲಿಯಸ್, ಡ್ರಸೀನಾ, ಮನಿಪ್ಲಾಂಟ್. ಇವಕ್ಕೆಲ್ಲ ಬೀಜ ಬಿತ್ತುವ ಕೆಲಸವಿಲ್ಲ. ತಾಯಿಗಿಡದಿಂದ ಒಂದು ತುಂಡು ಕತ್ತರಿಸಬೇಕು, ಮಣ್ಣಿಗೆ ಚುಚ್ಚಬೇಕು, ಬೇರು ಬರುವವರೆಗೆ ಕಾಯಬೇಕು. ಗಂಡ ತೀರಿಕೊಂಡ ಮೇಲೆ ಜವರಮ್ಮ ಹೀಗೆ ತುಂಡು ನೆಟ್ಟು ನೆಟ್ಟೇ ಇಡೀ ತೋಟ ಎಬ್ಬಿಸಿದ್ದಳು. ನಡುವೆ ನಿಂತಿದ್ದ ಕೆಂಪು ಕ್ರೋಟನ್ ಅಂದರೆ ಅವಳು ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದ ಗೇಣುದ್ದದ ಕಡ್ಡಿ. ಈಗ ಆಳೆತ್ತರದ ಪೊದೆ. ಅದನ್ನು ನೋಡಿದಾಗಲೆಲ್ಲ ಅವಳ ಕುತ್ತಿಗೆ ತಾನಾಗಿಯೇ ನೆಟ್ಟಗಾಗುತ್ತಿತ್ತು.

ಆದರೆ ಈಚೆಗೆ ಆ ಕೆಂಪು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು ಅಂತ ಡಾಕ್ಟರು ಅಂದಿದ್ದರು. ಅಷ್ಟು ದಿನ ತೋಟ ನೋಡಿಕೊಳ್ಳುವವರು ಯಾರು?

ಅವಳ ಅಣ್ಣ ಚೆಲುವಯ್ಯ ಪಕ್ಕದೂರಿನಲ್ಲೇ ಇದ್ದ. ಅವನು ಬಂದು ಹೇಳಿದ, "ನೋಡವ್ವ, ನಿನ್ ಮಗನ್ ಕೈಗೆ ಕೊಟ್ರೆ ತೋಟ ಬಯಲಾಯ್ತದೆ. ನಮ್ ದೇವ್ರಾಜು ನೋಡ್ಕೊಳ್ಳಿ. ನೀನು, ನಿನ್ ಮಗ ನಮ್ಮನೇಲಿ ಉಂಡ್ಕಂಡು ಇರಿ."

"ಆಸ್ಪತ್ರೆಯಿಂದ ಬರೋಗಂಟನಾ?" ಅಂದಳು ಜವರಮ್ಮ.

"ಆಮೇಕೂವೆ," ಅಂದ ಅಣ್ಣ.

ಜವರಮ್ಮನಿಗೆ ಮಾತಿನ ಅರ್ಥ ತಿಳಿಯಿತು. ಅಣ್ಣ ಕೆಟ್ಟವನಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದ. ಆದರೆ ಪ್ರೀತಿಯಿಂದ ಕಿತ್ತರೂ ಗಿಡ ಕಿತ್ತ ಹಾಗೇ ತಾನೆ. ತೋಟ ಹೋದರೆ ಮರಿಸ್ವಾಮಿ ಮಾವನ ಮನೆಯ ಜಗುಲಿಯಲ್ಲಿ ಅನ್ನಕ್ಕೆ ಕಾಯುವ ಪೆದ್ದನಾಗುತ್ತಾನೆ. ಇಲ್ಲಿದ್ದರೆ ತೋಟದ ಯಜಮಾನ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದಳು, "ನನ್ ಮಗ ಹೇಳಿದ್ ಮಾತು ಮೀರಕಿಲ್ಲ ಕಣಣ್ಣ. ನಾನ್ ಕಲಿಸ್ತೀನಿ. ನಾನು ಊರಲ್ಲಿ ಇಲ್ದೇ ಇದ್ದಾಗ ಬಂದು ನೋಡು. ತೋಟ ಕೆಟ್ಟಿದ್ರೆ ನಿನ್ ಮಗಂಗೆ, ನೆಟ್ಟಗಿದ್ರೆ ನನ್ ಮಗಂಗೆ."

ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಭಯವಾಯಿತು. ಆದರೂ ಮರುದಿನವೇ ಮಗನನ್ನು ಕೂರಿಸಿಕೊಂಡು ಪಾಠ ಶುರುಮಾಡಿದಳು.

"ಮಗ, ತುದಿ ಕಡೆಯಿಂದ ಗೇಣುದ್ದ ಕತ್ತರಿಸು. ನೇರಕ್ಕಲ್ಲ, ಓರೆಯಾಗಿ. ಕೆಳಗಿನ ಎಲೆ ತೆಗಿ, ಮೇಲಿನವು ಇರ್ಲಿ. ಗಿಣ್ಣು ಮಣ್ಣೊಳಗೆ ಹೋಗಂಗೆ ನೆಡು. ಬೇರು ಬಂತಾ ಅಂತ ನೋಡ್ತಾ ಇರು."

"ಆಗ್ಲಿ ಕಣವ್ವ," ಅಂದ ಮರಿಸ್ವಾಮಿ.

ಕತ್ತರಿಸಿದ, ಓರೆಯಾಗಿ. ಎಲೆ ತೆಗೆದ, ಕೆಳಗಿನವು ಮಾತ್ರ. ಸಾಲಾಗಿ ನೆಟ್ಟ. ಜವರಮ್ಮ ಮಸುಕು ಕಣ್ಣಲ್ಲೇ ನೋಡಿ ಹಿಗ್ಗಿದಳು. ಆದರೆ ದಿನ ಕಳೆದರೂ ಒಂದು ಕಡ್ಡಿಯೂ ಹಿಡಿಯಲಿಲ್ಲ. ಎಲ್ಲ ತಲೆ ಬಾಗಿಸಿ ಬಾಡಿದವು. ಒಂದು ಬೆಳಗ್ಗೆ ಎದ್ದು ಬಂದು ನೋಡುತ್ತಾಳೆ, ಮಗ ಒಂದೊಂದೇ ಕಡ್ಡಿ ಕಿತ್ತು, ಬುಡ ತಿರುಗಿಸಿ ಕಣ್ಣಿಗೆ ಹಿಡಿದು ನೋಡಿ, ಮತ್ತೆ ಚುಚ್ಚುತ್ತಿದ್ದಾನೆ.

"ಏನ್ಲಾ ಮಾಡ್ತಾ ಇದ್ದೀಯ?"

"ಬೇರು ಬಂತಾ ಅಂತ ನೋಡ್ತಾ ಇವ್ನಿ ಕಣವ್ವ. ದಿನಾ ನೋಡ್ತೀನಿ. ಇನ್ನೂ ಬಂದಿಲ್ಲ."

"ನಿನ್ ಬುದ್ಧಿಗೆ ಮಣ್ಣಾಕ! ಕಿತ್ತು ನೋಡಿದ್ರೆ ಬೇರು ಬತ್ತದಾ? ನೆಲಕ್ಕೆ ನೆಟ್ಟಿದ್ದನ್ನ ಮುಟ್ಬಾರ್ದು ಕಣ್ಲಾ. ನೀರಾಕು, ಸುಮ್ಕಿರು. ಹೊಸ ಚಿಗುರು ಕಂಡ್ರೆ ಬೇರು ಬಂದದೆ ಅಂತ ತಿಳ್ಕೊ. ಆಮೇಲೇ ಕೀಳ್ಬೇಕು."

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ. ಕಡ್ಡಿಗಳನ್ನು ಹೊಸದಾಗಿ ನೆಟ್ಟ, ನೀರು ಹಾಕಿದ, ಮುಟ್ಟಲಿಲ್ಲ. ಒಂದು ಬಿಡದೆ ಎಲ್ಲ ಹಿಡಿದವು. ಅವನ ಕೈಗುಣ ಅಂಥದು. ಜವರಮ್ಮ ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದಳು. "ಯಾರ್ ನೆಟ್ಟಿದ್ದು? ನನ್ ಮಗ."

ಹಾಗೆ ತೋರಿಸುತ್ತಿದ್ದಾಗಲೇ ಅವಳಿಗೆ ಮನೆಯ ಹಸುವಿನ ನೆನಪಾಯಿತು. ರಸ್ತೆ ಬದಿಯ ಮಣ್ಣಿನಲ್ಲಿ ಗೂಟ ಹೊಡೆದು ಕಟ್ಟಿದ್ದರು. ಬಿಸಿಲು ಏರಿತ್ತು.

"ಮಗ, ಗೂಟ ಕಿತ್ಕೊಂಡು ಹೋಗಿ ಹಸೂನ ಹೊಂಗೆ ಮರದ ಕೆಳಗೆ ಕಟ್ಟು."

ಹೋದವನು ಬರಲೇ ಇಲ್ಲ. ಮಧ್ಯಾಹ್ನ ಕಳೆಯಿತು. ಹಸು ಬಾಯಿ ಬಿಟ್ಟು ಕೂಗಿಕೊಳ್ಳುತ್ತಿತ್ತು. ಜವರಮ್ಮ ಹೋಗಿ ನೋಡಿದರೆ ಹಸು ಅಲ್ಲೇ ಬಿಸಿಲಲ್ಲಿ ಒಣಗುತ್ತಿದೆ, ಮಗ ಗೂಟದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಗೂಟದ ಬುಡ ಒದ್ದೆಯಾಗಿದೆ.

"ಯಾಕ್ಲಾ ಕಿತ್ತಿಲ್ಲ?"

"ನೆಲಕ್ಕೆ ನೆಟ್ಟವ್ರೆ ಕಣವ್ವ. ಚಿಗುರೇ ಬಂದಿಲ್ಲ, ಹೆಂಗೆ ಕೀಳ್ಲಿ? ನೀರಾಕಿವ್ನಿ."

ರಸ್ತೆಯಾಚೆಯ ಚಹದಂಗಡಿಯ ಮುಂದೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜವರಮ್ಮ ಅವರ ಕಡೆ ತಿರುಗಿ, "ನಿಮ್ ಮಕ್ಳು ಹೇಳಿದ್ರಾಗೆ ಅರ್ಧಾನೂ ಮಾಡಕಿಲ್ಲ, ನನ್ ಮಗ ಹೇಳಿದ್ಕಿಂತ ಜಾಸ್ತಿ ಮಾಡ್ತಾನೆ. ನಗಾದಿದ್ರೆ ಮನೆಗೋಗಿ ನಗಿ," ಅಂದಳು. ಹಸುವಿನ ಹಗ್ಗ ಬಿಚ್ಚಿ ಎಳೆದುಕೊಂಡು ಬಂದಳು. ಗೂಟ ಅಲ್ಲೇ ಉಳಿಯಿತು. ತೋಟದೊಳಗೆ ಬಂದ ಮೇಲೆ ಮಗನಿಗೆ ಚೆನ್ನಾಗಿ ಬೈದಳು.

"ಬಿಸಿಲಲ್ಲಿ ಬಾಡ್ತಾ ಇರೋದನ್ನ ಕಂಡ್ರೆ ಹಂಗೆ ಬುಡ್ತಾರಾ? ನೆರಳಿಗೆ ತಂದು ಮಡಗ್ಬೇಕು. ತಲೆಯಿಂದ ನೀರು ಚಿಮುಕಿಸ್ಬೇಕು. ಒದ್ದೆ ಗೋಣಿತಾಟು ಹೊದಿಸ್ಬೇಕು. ಹಸುವಾಗ್ಲಿ, ಗಿಡವಾಗ್ಲಿ."

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅದಾದ ಕೆಲವು ದಿನಕ್ಕೆ ಚೆಲುವಯ್ಯ ಬಿಸಿಲಲ್ಲಿ ನಡೆದು ಬಂದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರಟು. ಮುಖ ಕೆಂಪಾಗಿ ಬೆವರು ಇಳಿಯುತ್ತಿತ್ತು. ಜವರಮ್ಮ ಒಳಗೆ ಒಲೆಯ ಮುಂದೆ ಇದ್ದಳು. ಮರಿಸ್ವಾಮಿ ಮಾವನ ಮುಖ ನೋಡಿದ. ಬಾಡಿದೆ ಅನ್ನುವುದು ಅವನಿಗೂ ಗೊತ್ತಾಯಿತು.

"ಬನ್ನಿ ಮಾವ, ನೆರಳಿಗೆ ಬನ್ನಿ," ಅಂತ ಕೈ ಹಿಡಿದು ಕರೆತಂದು, ಗಿಡಗಳ ನೆರಳಿಗೆಂದು ಕಟ್ಟಿದ್ದ ಹಸಿರು ಪರದೆಯ ಕೆಳಗೆ ಕೂರಿಸಿದ. ಮಾವನಿಗೆ ಸಂತೋಷವೇ ಆಯಿತು. ಅವನು ಟವೆಲ್ ತೆಗೆದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಮರಿಸ್ವಾಮಿ ಹಿಂದಿನಿಂದ ಬಂದು ಗಿಡಕ್ಕೆ ನೀರು ಚಿಮುಕಿಸುವ ಹೂಜಿಯಿಂದ ತಲೆಯ ಮೇಲೆ ಜಡಿ ಮಳೆ ಸುರಿಸಿದ. ಮಾವ "ಅಯ್ಯಯ್ಯೋ" ಅಂತ ಏಳುವುದರೊಳಗೆ ಒದ್ದೆ ಗೋಣಿತಾಟು ಮೇಲಿಂದ ಬಿತ್ತು.

ಜವರಮ್ಮ ಓಡಿ ಬಂದಾಗ ಗೋಣಿತಾಟಿನ ಒಳಗಿಂದ ಅಣ್ಣನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಲೋ, ಮಾವನ್ ಮೇಲೆ ನೀರಾಕ್ತಾರಾ?"

"ಬಾಡೋಗಿದ್ರು ಕಣವ್ವ. ಈಗ ಸುಧಾರಿಸ್ಕಂಡವ್ರೆ, ನೋಡು. ಎದ್ದು ನಿಂತ್ಕಂಡ್ರು."

"ತಲೆಗಲ್ಲ ಕಣ್ಲಾ! ಬಂದೋರಿಗೆ ನೀರು ಕೊಟ್ರೆ ಕಾಲಿಗೆ ಕೊಡ್ಬೇಕು. ಗಿಡಕ್ಕಾದ್ರೂ ಬೇರು ಬಂದ್ಮೇಲೆ ಬುಡಕ್ಕೇ ಹಾಕ್ಬೇಕು, ತಲೆಗಲ್ಲ."

"ಆಗ್ಲಿ ಕಣವ್ವ."

ಚೆಲುವಯ್ಯ ಒದ್ದೆಯಾದ ಶರಟು ಹಿಂಡಿಕೊಳ್ಳುತ್ತ ತಂಗಿಯ ಕಡೆ ನೋಡಿದ. ನೋಟದಲ್ಲೇ ಎಲ್ಲ ಹೇಳಿದ. ಜವರಮ್ಮನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಮಾತು ಬದಲಾಯಿಸಲು ಅವಳು ಮಗನನ್ನು ಗಿಡಗಳ ಹತ್ತಿರ ಕರೆದುಕೊಂಡು ಹೋಗಿ, ಅಣ್ಣನಿಗೂ ಕೇಳಿಸುವ ಹಾಗೆ ಜೋರಾಗಿ ಹೊಸ ಪಾಠ ಹೇಳಿದಳು.

"ನೋಡು ಮಗ, ಈ ಕೋಲಿಯಸ್ಸು ಸಣಕಲಾಗಿ ಉದ್ದಕ್ಕೆ ಹೋಗದೆ. ಹಿಂಗೇ ಬುಟ್ರೆ ಚಂದ ಇಲ್ಲ. ತುದಿ ಕುಡಿ ಚಿವುಟ್ಬೇಕು. ಚಿವುಟಿದ್ರೆ ಪಕ್ಕದಲ್ಲಿ ಚಿಗುರು ಒಡೆದು ಒತ್ತಾಗಿ ತುಂಬ್ಕೊಳ್ತದೆ. ಎಲ್ಲೆಲ್ಲಿ ತೆಳ್ಳಗೆ ಉದ್ದ ಬೆಳೆದದೋ, ಅಲ್ಲೆಲ್ಲ ತುದಿ ತೆಗಿ."

"ಎಲ್ಲೆಲ್ಲಿ ತೆಳ್ಳಗೆ ಉದ್ದ ಬೆಳೆದದೋ," ಅಂತ ಮರಿಸ್ವಾಮಿ ತನಗೆ ತಾನೇ ಹೇಳಿಕೊಂಡ. ಕತ್ತರಿ ತಗೊಂಡ. ಒಂದು ಸಾಲು ಮುಗಿಸಿದ. ಇನ್ನೊಂದು ಸಾಲು ಮುಗಿಸಿದ. ಜವರಮ್ಮ ಕಾಫಿ ಕಾಯಿಸಲು ಹೋದಳು. ಚೆಲುವಯ್ಯ ಬೆಂಚಿನ ಮೇಲೆ ಹಿಂದಕ್ಕೊರಗಿ ತೂಕಡಿಸುತ್ತಿದ್ದ.

ಈಗ ಚೆಲುವಯ್ಯನ ತಲೆಯ ವಿಚಾರ ಹೇಳಬೇಕು. ನಡುನೆತ್ತಿ ಬೋಳು. ಆದರೆ ಎಡಗಿವಿಯ ಮೇಲಿನ ಕೂದಲನ್ನು ಉದ್ದ ಬಿಟ್ಟು, ಬೋಳಿನ ಮೇಲಿಂದ ಹಾಯಿಸಿ, ಬಲಗಿವಿಗೆ ಮುಟ್ಟಿಸಿ ಎಣ್ಣೆ ಹಚ್ಚಿ ಕೂರಿಸುತ್ತಿದ್ದ. ಒದ್ದೆಯಾದ ಮೇಲೆ ಆ ಕೂದಲು ಜಾರಿ ಭುಜದವರೆಗೆ ಇಳಿದಿತ್ತು. ತೆಳ್ಳಗೆ, ಉದ್ದಕ್ಕೆ.

ಕಚಕ್ಕೆಂದಿತು.

ಚೆಲುವಯ್ಯ ಕಣ್ಣು ಬಿಟ್ಟಾಗ ಅಳಿಯ ಕೂದಲಿನ ಎಳೆಗಳನ್ನು ಕೈಯಲ್ಲಿ ಹಿಡಿದು ನಗುತ್ತ ನಿಂತಿದ್ದ. "ತುದಿ ತೆಗ್ದಿವ್ನಿ ಮಾವ. ಇನ್ನು ಒತ್ತಾಗಿ ತುಂಬ್ಕೊಳ್ತದೆ."

ಆ ದಿನ ಚೆಲುವಯ್ಯ ಕಾಫಿ ಕುಡಿಯಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಗೇಟಿನ ಹತ್ತಿರ ನಿಂತು, "ನೀನು ಆಸ್ಪತ್ರೆಗೆ ಹೋಗವ್ವ. ನಾನ್ ಬತ್ತೀನಿ ನೋಡೋಕೆ. ಮಾತು ಮಾತೇ," ಅಂದು ಹೊರಟುಹೋದ.

ಜವರಮ್ಮ ಮಗನಿಗೆ ಬೈದಳು, ಬಾಯಿ ನೋಯುವವರೆಗೆ ಬೈದಳು. ಆಮೇಲೆ ಅವನು ಚಿವುಟಿದ ಕೋಲಿಯಸ್ ಸಾಲಿನ ಹತ್ತಿರ ಬಗ್ಗಿ ಕೈಯಾಡಿಸಿದಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಿತು. ಒಂದೇ ಒಂದು ಕಡೆಯೂ ತಪ್ಪಿಲ್ಲ, ಎಲ್ಲ ಗಿಣ್ಣಿನ ಮೇಲೆ ಸರಿಯಾಗಿ. ಇಂಥ ಕೈ ಇರುವ ಮಗನನ್ನು ಹೆತ್ತವಳು ನಾನು ಅಂತ ಅವಳಿಗೆ ಆ ಬೈಗುಳದ ನಡುವೆಯೂ ಹೆಮ್ಮೆ ಉಕ್ಕಿತು. ಹಾಗಂತ ಮಗನಿಗೆ ಹೇಳಲಿಲ್ಲ.

ಮೈಸೂರಿಗೆ ಹೊರಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡು ಕೆಂಪು ಕ್ರೋಟನ್ ಮುಂದೆ ಮಗನನ್ನು ನಿಲ್ಲಿಸಿದಳು.

"ಇದು ತಾಯಿಗಿಡ. ಇದ್ರಿಂದ್ಲೇ ನಮ್ ತೋಟ ಶುರುವಾಗಿದ್ದು. ಯಾರೇ ಬರ್ಲಿ, ಏನೇ ಕೇಳ್ಲಿ, ಬುಡ ಸಮೇತ ಕೊಡ್ಬೇಡ. ಬುಡ ಹೋದ್ರೆ ನಮ್ಗೆ ಏನೂ ಇಲ್ಲ. ಇಲ್ಲ ಅಂತಾನೂ ಅನ್ಬೇಡ, ಬಂದೋರು ಬೇಜಾರಾಯ್ತಾರೆ. ಒಂದ್ ತುಂಡು ಕತ್ತರಿಸಿ ಕೊಡು. ಅವ್ರು ಅಲ್ಲಿ ಬೆಳೆಸ್ಕೊಳ್ಳಿ. ತಿಳೀತಾ?"

"ತಿಳೀತು ಕಣವ್ವ. ಯಾರೇ ಬರ್ಲಿ, ಏನೇ ಕೇಳ್ಲಿ, ಬುಡ ಕೊಡಕಿಲ್ಲ, ತುಂಡು ಕೊಡ್ತೀನಿ."

ಬಸ್ಸು ಹತ್ತಿದ ಮೇಲೂ ಅವಳಿಗೆ ಸಮಾಧಾನವಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗಲೂ ಅದೇ ಯೋಚನೆ. ಏನು ಹೇಳುವುದು ಮರೆತೆ, ಯಾವ ಮಾತು ಅವನು ಎಲ್ಲಿಗೆ ಹಚ್ಚುತ್ತಾನೆ. ಪಕ್ಕದ ಮಂಚದ ಹೆಂಗಸು "ಮನೇಲಿ ಯಾರವ್ರೆ?" ಅಂತ ಕೇಳಿದಳು. "ನನ್ ಮಗ ಅವ್ನೆ. ತೋಟ ನೋಡ್ಕೊಳ್ತಾ ಅವ್ನೆ," ಅಂದಳು ಜವರಮ್ಮ, ದನಿ ಏರಿಸಿ.

ಇತ್ತ ಚೆಲುವಯ್ಯ ಬಂದ. ತಲೆಗೆ ಬಿಗಿಯಾಗಿ ಪೇಟ ಸುತ್ತಿದ್ದ. ತೋಟ ಸುತ್ತಿದ. ನೆಟ್ಟ ಕಡ್ಡಿಗಳೆಲ್ಲ ಚಿಗುರಿವೆ. ಕೋಲಿಯಸ್ ಒತ್ತಾಗಿ ತುಂಬಿಕೊಂಡಿದೆ. ಬುಡಗಳಲ್ಲಿ ನೀರಿದೆ, ಎಲೆಗಳ ಮೇಲೆ ನೀರು ನಿಂತಿಲ್ಲ, ಕೊಳೆತದ್ದು ಒಂದಿಲ್ಲ. ತಪ್ಪು ಹುಡುಕಿ ಹುಡುಕಿ ಸುಸ್ತಾದ. ರಸ್ತೆ ಬದಿಗೆ ಬಂದರೆ ಅಲ್ಲೊಂದು ವಿಚಿತ್ರ. ಹಸು ಕಟ್ಟುತ್ತಿದ್ದ ಗೂಟದ ಮೈತುಂಬ ಹಸಿರು ಎಲೆ! ಕೊಂಬೆ ಚುಚ್ಚಿದರೆ ಸಾಕು ಚಿಗುರುವ, ಬೇಲಿಯ ಗೊಬ್ಬರದ ಗಿಡದಿಂದ ಕಡಿದ ಹಸಿ ಕೊಂಬೆ ಅದು. ಮರಿಸ್ವಾಮಿ ದಿನಾ ಹಾಕಿದ ನೀರು ಕುಡಿದು ಬೇರು ಬಿಟ್ಟಿತ್ತು.

"ಇನ್ನು ಕೀಳ್ಬೋದು ಮಾವ, ಚಿಗುರದೆ," ಅಂದ ಮರಿಸ್ವಾಮಿ.

ಚಹದಂಗಡಿಯವರು ಈ ಸಲ ನಗಲಿಲ್ಲ. ಎದ್ದು ಬಂದು ಗೂಟ ಮುಟ್ಟಿ ನೋಡಿದರು.

ಚೆಲುವಯ್ಯನಿಗೆ ಸುಮ್ಮನೆ ಹಿಂದಿರುಗಲು ಮನಸ್ಸಾಗಲಿಲ್ಲ. ಮನೆಯಲ್ಲಿ ಮಗ ದೇವರಾಜು ಆಗಲೇ ನರ್ಸರಿ ಸಿಕ್ಕಿತು ಅಂತ ಹೊಸ ಬೂಟು ಹಾಕಿಕೊಂಡು ಕೂತಿದ್ದ. ಚೆಲುವಯ್ಯ ದನಿ ಸಣ್ಣಗೆ ಮಾಡಿ ಅಳಿಯನನ್ನು ಕೇಳಿದ, "ಲೋ ಮರಿಸ್ವಾಮಿ, ಈ ತೋಟ ನಂಗ್ ಕೊಟ್ಬುಡ್ಲಾ. ನಿಂಗ್ಯಾಕೆ ಈ ಕಷ್ಟ."

"ಇಡೀ ತೋಟ ಬೇಕಾ ಮಾವ?"

"ಇಡೀ ತೋಟ."

ಮರಿಸ್ವಾಮಿ ಯೋಚನೆ ಮಾಡಿದ. ಇಲ್ಲ ಅನ್ನಬಾರದು, ಮಾವ ಬೇಜಾರಾಗುತ್ತಾರೆ. ಬುಡ ಕೊಡಬಾರದು. "ಇಡೀದು ಕೊಡಕಾಗಕಿಲ್ಲ ಮಾವ. ತುಂಡು ಕೊಡ್ತೀನಿ," ಅಂದು ಒಳಗೆ ಹೋಗಿ ಕತ್ತರಿ, ಗರಗಸ ತಂದ. ಕತ್ತರಿ ಕಂಡಿದ್ದೇ ಚೆಲುವಯ್ಯ ಎರಡೂ ಕೈಯಿಂದ ಪೇಟ ಹಿಡಿದುಕೊಂಡ.

ಹಸಿರು ಪರದೆಯ ಒಂದು ಮೂಲೆ ಕತ್ತರಿಸಿದ, ಓರೆಯಾಗಿ. ನೀರಿನ ಪೈಪಿನ ತುದಿ ಗೇಣುದ್ದ ಕತ್ತರಿಸಿದ, ಓರೆಯಾಗಿ. ರಸ್ತೆಗೆ ಕಾಣುವ ಮರದ ಬೋರ್ಡಿನ ಕೊನೆಯನ್ನು ಗರಗಸದಿಂದ ಕೊಯ್ದ, ಅದೂ ಓರೆಯಾಗಿ. ಆ ತುಂಡಿನ ಕೆಳಗಿನ ಮೊಳೆಗಳನ್ನು ಕಿತ್ತ, ಮೇಲಿನವು ಬಿಟ್ಟ. ಒಂದು ಬೊಗಸೆ ಮಣ್ಣು ಸೇರಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಮಾವನ ಕೈಗಿಟ್ಟ.

"ನೆರಳಲ್ಲಿ ನೆಡಿ ಮಾವ. ಬುಡಕ್ಕೆ ನೀರಾಕಿ, ತಲೆಗಲ್ಲ. ಕಿತ್ತು ನೋಡ್ಬೇಡಿ. ತೋಟ ಬಂದ್ಮೇಲೆ ಉದ್ದುದ್ದ ಹೋದ್ರೆ ತುದಿ ಚಿವುಟಿ."

ಚೆಲುವಯ್ಯ ಚಿಗುರಿದ ಗೂಟದ ಕಡೆ ನೋಡಿದ. ಗಂಟು ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟ. ಅಂಗಡಿಯ ಮುಂದೆ ಕೂತಿದ್ದವರು ದಾರಿ ಬಿಟ್ಟುಕೊಟ್ಟರು.

ಜವರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದಳು. ಕನ್ನಡಕ ತೆಗೆಯಬಾರದು ಅಂದಿದ್ದರು. ಗೇಟಿನ ಹತ್ತಿರ ಬಂದವಳು ಒಂದು ಗಳಿಗೆ ತೆಗೆದೇ ಬಿಟ್ಟಳು. ಕೆಂಪು ಕ್ರೋಟನ್ ಬೆಂಕಿಯ ಹಾಗೆ ಕಂಡಿತು. ಅದಕ್ಕೆ ಅಷ್ಟು ಕೆಂಪಿದೆ ಅನ್ನುವುದನ್ನೇ ಅವಳು ಮರೆತಿದ್ದಳು. ಅದರ ಸುತ್ತ ಸಾಲು ಸಾಲು ಮರಿಗಿಡ, ಎಲ್ಲ ಮಗ ನೆಟ್ಟದ್ದು. ಅವಳ ಎದೆ ತುಂಬಿ ಬಂತು. ಆಮೇಲೆ ಕಣ್ಣು ಬೋರ್ಡಿಗೆ ಹೋಯಿತು. ಪರದೆಗೆ ಹೋಯಿತು. ಪೈಪಿಗೆ ಹೋಯಿತು.

"ಏನ್ಲಾ ಇದು?"

ಮರಿಸ್ವಾಮಿ ನಡೆದದ್ದು ನಡೆದ ಹಾಗೆ ಹೇಳಿದ. ಜವರಮ್ಮ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ನಗು ಬಂತು. ನಗುತ್ತ ನಗುತ್ತ ಗೇಟಿಗೆ ಒರಗಿದಳು. ಮಗ ಕೈಕಟ್ಟಿ ಕಾಯುತ್ತಿದ್ದ.

"ಇನ್ಮೇಲೆ ಏನ್ ಮಾಡ್ಲಿ ಹೇಳವ್ವ."

"ಇನ್ಮೇಲೂ ಹಿಂಗೇ ಮಾಡು ಕಣಪ್ಪ," ಅಂದಳು ಜವರಮ್ಮ.

ಹೇಳಬಾರದಿತ್ತು.

ಮರುದಿನ ಚೆಲುವಯ್ಯ ತಂಗಿಯನ್ನು ನೋಡಲು ಪರಂಗಿ ಹಣ್ಣು ಹಿಡಿದು ಬಂದ. ಈ ಸಲ ಮುಖದಲ್ಲಿ ಬಿಗುವಿರಲಿಲ್ಲ. ಬೆಂಚಿನ ಮೇಲೆ ಅವಳ ಪಕ್ಕ ಕೂತು, "ನೀನೇ ಗೆದ್ದೆ ಕಣವ್ವ. ತೋಟ ನಿನ್ ಮಗಂದೇ," ಅಂದ. ಆಮೇಲೆ ಅಳಿಯನ ಕಡೆ ತಿರುಗಿ ಹೇಳಿದ, "ತೋಟ ನಂಗ್ ಬ್ಯಾಡ ಕಣ್ಲಾ. ಕಣ್ಣು ವಾಸಿಯಾಗೋಗಂಟ ನಿಮ್ಮವ್ವನ್ನಾದ್ರೂ ನಂಜೊತೆ ಕೊಟ್ಟು ಕಳ್ಸು. ನಿಮ್ಮತ್ತೆ ನೋಡ್ಕೊಳ್ತಾಳೆ."

ಮರಿಸ್ವಾಮಿ ಅವ್ವನನ್ನು ನೋಡಿದ. ಮಾವನನ್ನು ನೋಡಿದ. ಒಳಗೆ ಹೋದ. ಅಣ್ಣತಂಗಿ ಹಣ್ಣು ಕೊಯ್ಯುವ ಮಾತಾಡುತ್ತಿರುವಾಗ ಬೆಂಚಿನ ಹಿಂದೆ ಬಂದು ನಿಂತ.

ಕಚಕ್ಕೆಂದಿತು.

ಜವರಮ್ಮ ತಿರುಗಿ ನೋಡಿದರೆ ಬೆನ್ನ ಮೇಲಿಂದ ಇಳಿಬಿಟ್ಟಿದ್ದ ಸೆರಗಿನ ತುದಿ ಇಲ್ಲ. ಆಸ್ಪತ್ರೆಯಿಂದ ಬರುವಾಗ ಉಟ್ಟ ಒಳ್ಳೆಯ ಸೀರೆ. ಮರಿಸ್ವಾಮಿ ಆ ತುಂಡಿಗೆ ನೀರು ಚಿಮುಕಿಸಿ, ಒದ್ದೆ ಗೋಣಿತಾಟಿನಲ್ಲಿ ಜೋಪಾನವಾಗಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಎರಡೂ ಕೈಯಿಂದ ಮಾವನಿಗೆ ಕೊಟ್ಟ.

"ಅವ್ವನ್ನ ಬುಡ ಸಮೇತ ಕೊಡಕಾಗಕಿಲ್ಲ ಮಾವ. ಬುಡ ಹೋದ್ರೆ ನಮ್ಗೆ ಏನೂ ಇಲ್ಲ. ತುಂಡು ತಗೊಂಡೋಗಿ."

ಚೆಲುವಯ್ಯ ಗಂಟು ಹಿಡಿದುಕೊಂಡು ತಂಗಿಯ ಮುಖ ನೋಡಿದ. ಅವಳು ಉಳಿದ ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಕತ್ತರಿಸಿದ ಅಂಚನ್ನು ಹೊಸ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಕನ್ನಡಕದ ಕೆಳಗಿಂದ ನೀರು ಇಳಿಯಿತು. ಆಪರೇಷನ್ ಆದ ಕಣ್ಣು, ಅಳಬಾರದು ಅಂದಿದ್ದರು.

"ಓರೆಯಾಗೇ ಕತ್ತರಿಸವ್ನೆ ನೋಡಣ್ಣ, ನಾನ್ ಹೇಳ್ಕೊಟ್ಟಂಗೆ," ಅಂದಳು. "ತಗೊಂಡೋಗು. ನೆರಳಲ್ಲಿ ಮಡಗು. ಚಿಗುರೋಗಂಟ ಮುಟ್ಬೇಡ."